ಸ್ಕ್ರ್ಯಾಚ್ ಅಂದರೆ ಗಾಯ ಅಲ್ಲ

ಬೆಳಗಾವಿಯಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಕ್ರೀಡಾ ಪುಟ ನೋಡುತ್ತಿದ್ದವರು ಬಿಟ್ಟು ಹೋದರು. ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಜಿಲ್ಲಾ ಪುಟದ ಜೊತೆ ಅದೂ ನನ್ನ ತಲೆಗೆ ಬಂತು.

ಅವತ್ತು ಭಾನುವಾರ. ಕೃಷ್ಣಾ ನದಿ ಏರಿದ್ದ ದಿನಗಳು. ಚಿಕ್ಕೋಡಿ, ಅಥಣಿ ಕಡೆಯಿಂದ ಒಂದರ ಮೇಲೊಂದು ಸುದ್ದಿಯ ಕಾಪಿ. ಬೆಂಗಳೂರಿನ ಕುದುರೆ ರೇಸಿನ ಏಜೆನ್ಸಿ ಕಾಪಿ ಸಂಜೆಯೇ ಬಂದಿತ್ತು, ನಾನು ತೆರೆದಾಗ ರಾತ್ರಿ ಹತ್ತೂವರೆ. ಹತ್ತು ಐವತ್ತಕ್ಕೆ ಪುಟ ಬಿಡಬೇಕು. ಪುಟ ಕಟ್ಟುವ ಪೇಜಿನೇಟರ್ ಆಗಲೇ ಎರಡು ಸಲ ಕೂಗಿದ್ದ.

ಕಾಪಿಯ ಕೊನೆಯಲ್ಲಿ ಟೋಟ್ ಲೆಕ್ಕ, ಅಂದರೆ ರೇಸಿನ ಬಾಜಿಯ ಲೆಕ್ಕ ಇತ್ತು. ವಿನ್ ಇಷ್ಟು, ಪ್ಲೇಸ್ ಇಷ್ಟು, ಎಸ್‌ಎಚ್‌ಪಿ, ಎಫ್‌ಪಿ, ಕ್ವಿನೆಲಾ, ತನಾಲಾ. ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಮುಟ್ಟಲಿಲ್ಲ, ಇದ್ದಂತೆ ಇಟ್ಟೆ. ಅವೆಲ್ಲ ಸರಿಯಾಗಿಯೇ ಅಚ್ಚಾದವು.

ನಾನು ಎಡವಿದ್ದು ಗೊತ್ತಿದ್ದ ಪದದಲ್ಲಿ. ಫೇವರಿಟ್ ಕುದುರೆ 'ಸ್ಕ್ರ್ಯಾಚ್ಡ್' ಅಂತ ಒಂದು ಸಾಲು. ಆಫೀಸಿನ ಅನುವಾದದ ಸಾಫ್ಟ್‌ವೇರ್ ಅದನ್ನು 'ಗೀಚಲಾಗಿದೆ' ಅಂತ ಮಾಡಿ ಕೊಟ್ಟಿತ್ತು. ಆ ಸಾಫ್ಟ್‌ವೇರ್ ತಂದ ಮೇಲೆ ಕೆಲಸ ಅರ್ಧ ಆಗುತ್ತದೆ ಅಂತ ಮೀಟಿಂಗಿನಲ್ಲಿ ಹೇಳಿದ್ದರು. ಅದು ಬರೆದದ್ದನ್ನು ಅಳಿಸಿ ಮತ್ತೆ ಬರೆಯುವುದೇ ಈಗ ಒಂದು ಕೆಲಸ. ಅಳಿಸಿದೆ. 'ಗಾಯಗೊಂಡು' ಅಂತ ಬರೆದೆ. ಒಂದು ಕ್ಷಣ ಕೈ ನಿಂತಿತು. ಗಾಯ ಅಂದರೆ ಎಲ್ಲಿಗೆ? ಮೂಲದಲ್ಲಿ ಇರಲಿಲ್ಲ. ಕುದುರೆಗೆ ಗಾಯ ಅಂದರೆ ಕಾಲಿಗೇ ಇರಬೇಕು ಅಂತ 'ಕಾಲಿಗೆ ಗಾಯಗೊಂಡು' ಮಾಡಿದೆ. ಪಕ್ಕದ ಟೇಬಲ್ಲಿನಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದ ಹಿರಿಯರು ಕೂತಿದ್ದರು. ಗಡಿಯಾರ ನೋಡಿದೆ, ಹತ್ತು ನಲವತ್ತಾರು. ನಾಲ್ಕು ನಿಮಿಷ ಇತ್ತು. ಕೇಳಲಿಲ್ಲ. ಇಷ್ಟು ಸಣ್ಣ ಇಂಗ್ಲಿಷ್ ಪದಕ್ಕೆ ಕೇಳುವುದೇನು ಅನ್ನಿಸಿತ್ತು. ಹೆಡಿಂಗಿಗೂ ಅದೇ ಗಾಯ ಎತ್ತಿಕೊಂಡು ಪುಟ ಬಿಟ್ಟೆ.

ಮರುದಿನ ಪಾಳಿಗೆ ಬಂದಾಗ ರಿಸೆಪ್ಷನ್ನಿನಲ್ಲಿ ವಯಸ್ಸಾದ ಒಬ್ಬರು ಕಾಯುತ್ತಿದ್ದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು. ಮೇಲೆ ನನ್ನ ಎಂಟು ಸಾಲಿನ ಸುದ್ದಿ ಮಾತ್ರ ಕಾಣುತ್ತಿತ್ತು. ಪುಣೆ, ಬೆಂಗಳೂರಿನ ಲಾಯಗಳಲ್ಲಿ ಸೈಸ್ ಆಗಿ ಕುದುರೆ ನೋಡಿಕೊಂಡು ನಿವೃತ್ತರಾದವರು. ಈಗ ಮಗ ಅದೇ ಕೆಲಸದಲ್ಲಿ ಇದ್ದಾನೆ. ನಾನು ಕಾಲಿಗೆ ಗಾಯ ಮಾಡಿದ ಕುದುರೆ ಅವನು ಮೈ ತಿಕ್ಕಿ, ಮೇವು ಹಾಕಿ ನೋಡಿಕೊಳ್ಳುವ ಕುದುರೆ.

"ಮುಂಜಾನೆ ಪೇಪರ್ ನೋಡಿದಾಗಿಂದ ಅವನ ಅವ್ವ ಊಟಾ ಮಾಡಿಲ್ಲ," ಅಂದರು. "ಹುಡುಗ ಟ್ರ್ಯಾಕಿನ ಮ್ಯಾಲೆ ಇದ್ದ, ಫೋನ್ ಎತ್ತಲಿಲ್ಲ. ಕಾಲು ಮುರದ್ರ ಕುದುರಿ ಉಳಿಯೂದು ಕಷ್ಟ ಐತಿ ತಮ್ಮಾ. ಹತ್ತು ಗಂಟೇಕ್ಕ ಫೋನ್ ಮಾಡಿ ಏನೂ ಆಗಿಲ್ಲ ಅಂದ."

ಅವರು ಬೈಯಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಪೇಪರಿನ ಅಂಚಿನಲ್ಲಿ ಒಂದರ ಕೆಳಗೆ ಒಂದು ಐದು ಅಂಕಿ ಬರೆದರು. ಮೂರನೆಯದರ ಮೇಲೆ ಅಡ್ಡ ಗೆರೆ ಎಳೆದರು. "ಸ್ಕ್ರ್ಯಾಚ್ ಅಂದ್ರ ಇದು. ಪಟ್ಟಿಯೊಳಗಿನ ಹೆಸರಿಗೆ ಕಾಟ್ ಹೊಡಿಯೂದು. ಜ್ವರ ಬಂದಿರಬಹುದು, ಟ್ರೇನರ್ ಬ್ಯಾಡ ಅಂದಿರಬಹುದು. ಯಾಕಂತ ಬರದಿಲ್ಲ ಅಂದ್ರ ನೀನೂ ಬರೀಬ್ಯಾಡ." ಹಾಗೆ ಕಾಟ್ ಬಿದ್ದ ಕುದುರೆಯ ಮೇಲೆ ಟೋಟ್‌ನಲ್ಲಿ ವಿನ್, ಅಂದರೆ ಅದೇ ಗೆಲ್ಲುತ್ತದೆ ಅಂತ ಆಡಿದವರಿಗೆ ದುಡ್ಡು ವಾಪಸ್ ಬರುತ್ತದೆ ಅಂತಲೂ ಹೇಳಿದರು.

ಅದೇ ಸುದ್ದಿಯಲ್ಲಿ ಇನ್ನೊಂದು ತಪ್ಪನ್ನೂ ತೋರಿಸಿದರು. 'ಮೇಡನ್' ರೇಸನ್ನು ನಾನು ಹೆಣ್ಣು ಕುದುರೆಗಳ ರೇಸ್ ಮಾಡಿದ್ದೆ. ಮೇಡನ್ ಅಂದರೆ ಇನ್ನೂ ಒಂದೂ ರೇಸ್ ಗೆಲ್ಲದ ಕುದುರೆ. ಅವತ್ತು ಗೆದ್ದದ್ದು ಬೀಜ ಒಡೆದ ಗಂಡು ಕುದುರೆ. ಗೆಲುವಿನ ಅಂತರ ಅಳೆಯುವ ಲೆಂತ್ ಬಗ್ಗೆಯೂ ಹೇಳಿದರು. ಲೆಂತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು ಎಂಟು ಅಡಿ. ಅದಕ್ಕಿಂತ ಕಡಿಮೆ ಅಂತರ ಆದರೆ ಕುತ್ತಿಗೆ, ತಲೆ, ಶಾರ್ಟ್ ಹೆಡ್, ಮೂಗು. ಇಷ್ಟನ್ನೂ ಅಂಗೈ ಉದ್ದಕ್ಕೆ ಬೆರಳು ಜರುಗಿಸುತ್ತ ತೋರಿಸಿದರು.

ನನಗೆ ಜಾಸ್ತಿ ನೋವಾದದ್ದು ಇದಕ್ಕೆ. ನಮ್ಮ ಜಾತ್ರೆಗಳ ಶರ್ಯತ್ತಿನ, ಅಂದರೆ ಗಾಡಿ ಓಟದ ಸುದ್ದಿಯಲ್ಲಿ ನಾನು ಹೀಗೆ ಮಾಡುವುದೇ ಇಲ್ಲ. ಒಂದು ಎತ್ತು ಒಂದು ಕುದುರೆಯ ಗಾಡಿಯೋ, ಜೋಡಿ ಕುದುರೆ ಗಾಡಿಯೋ ಅಂತ ಸಣ್ಣ ಅನುಮಾನ ಬಂದರೂ ರಾಯಬಾಗದ ವರದಿಗಾರನಿಗೆ ಫೋನ್ ಹಚ್ಚುತ್ತೇನೆ. ತಪ್ಪು ಬರೆದರೆ ಊರವರು ಬಿಡುವುದಿಲ್ಲ ಅಂತ ಗೊತ್ತು. ಬೆಂಗಳೂರಿನ ರೇಸ್ ಇಲ್ಲಿ ಯಾರು ಓದುತ್ತಾರೆ ಅಂದುಕೊಂಡಿದ್ದೆ. ಓದುವವರು ಎದುರಿಗೇ ನಿಂತಿದ್ದರು.

ತಿದ್ದುಪಡಿ ಹಾಕೋಣ ಅಂದಾಗ ಮೇಲಿನವರು ಒಪ್ಪಲಿಲ್ಲ. ಎಂಟು ಸಾಲಿಗೆ ತಿದ್ದುಪಡಿ ಯಾಕೆ, ಸುಮ್ನೆ ಬಿಡಿ ಅಂದರು. ಎರಡು ದಿನ ಅವರ ಬೆನ್ನು ಬಿದ್ದೆ. ಮೂರನೇ ದಿನ ಒಳಪುಟದ ಕೆಳಗೆ ಮೂರು ಸಾಲು ಬಂತು. ಅದರಲ್ಲಿ 'ಕಾಲಿಗೆ' ಅನ್ನುವ ಪದ ನನ್ನದು, ಏಜೆನ್ಸಿಯದಲ್ಲ ಅಂತ ಸೇರಿಸಿದ್ದೆ. ಅದನ್ನು ತೆಗೆದುಹಾಕಿದರು.

ಈಗ ಆ ಸೈಸ್ ಕಾಕಾನ ನಂಬರ್ ಮಾನಿಟರಿನ ಅಂಚಿಗೆ ಅಂಟಿಸಿದ್ದೇನೆ. ರೇಸ್ ಕಾಪಿಯನ್ನು ಸಂಜೆ ಬಂದ ಕೂಡಲೇ ತೆರೆಯುತ್ತೇನೆ. ಕುದುರೆಗಳ ಬೆಳಗಿನ ಅಭ್ಯಾಸದ ಟ್ರ್ಯಾಕ್ ವರದಿಯಲ್ಲಿ '600/40' ಅಂತ ಇದ್ದರೆ 600 ಮೀಟರಿಗೆ 40 ಸೆಕೆಂಡು ಅಂತ ಓದಲು ಕಲಿತಿದ್ದೇನೆ.

ಮೊನ್ನೆ ಒಂದು ರೇಸಿನ ಮೊದಲ ಟೇಕಿನಲ್ಲಿ, ಅಂದರೆ ಕಾಪಿಯ ಮೊದಲ ಕಂತಿನಲ್ಲಿ, 'ಆಬ್ಜೆಕ್ಷನ್' ಅಂತ ಇತ್ತು. ಇದೂ ಗೊತ್ತಿರುವ ಪದವೇ, ಅಲ್ವಾ. ಫೋನ್ ಮಾಡಿದೆ. "ಮುಂದ ಬಂದ ಕುದುರಿ ಮ್ಯಾಲೆ ತಕರಾರು ಅದು. ಸ್ಟೂವರ್ಡ್ಸ್ ಅಂದ್ರ ರೇಸಿನ ಪಂಚರು, ಅವರು ವಿಚಾರಣೆ ಮಾಡ್ತಾರ," ಅಂದರು ಕಾಕಾ. "ಅಲ್ಲೀತನಕಾ ಟಿಕೀಟ್ ಹರೀಬ್ಯಾಡ್ರಿ ಅಂತ ಮೈಕಿನ್ಯಾಗ ಹೇಳ್ತಾರ. ಗೆದ್ದಿತು ಅಂತ ನೀ ಈಗ ಬರೀಬ್ಯಾಡ." ಹೆಡಿಂಗಿನ ಜಾಗ ಖಾಲಿ ಬಿಟ್ಟೆ. ಏಳು ಗಂಟೆಗೆ ಎರಡನೇ ಟೇಕ್ ಬಂತು. ಗೆಲುವನ್ನು ಎರಡನೆಯದಾಗಿ ಬಂದ ಕುದುರೆಗೆ ಕೊಟ್ಟಿದ್ದರು.