ಪಾಸ್‌ವರ್ಡ್ ಬದಲಾಯಿಸಿ ಟೀ ಕುಡಿಯಲು ಹೋದೆ

ಅವತ್ತು 20ನೇ ತಾರೀಖು. ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಫೈಲ್ ಮಾಡುವ ಗಡಿಬಿಡಿ, ಪೋರ್ಟಲ್ ಎಂದಿನಂತೆ ಸುತ್ತುತ್ತಾ ಕೂತಿತ್ತು. ಆಗ ನಮಗೆ ದುಡ್ಡು ಕೊಡಬೇಕಿದ್ದ ಹೊಸೂರಿನ ಪಾರ್ಟಿಯಿಂದ ಫೋನ್. "ಸಾರ್, ನಿಮ್ಮ ಬ್ಯಾಂಕ್ ಅಕೌಂಟ್ ಬದಲಾಯ್ತಾ? ಮೇಲ್ ಬಂದಿದೆ."

ನಾನು ಕಳಿಸಿರಲಿಲ್ಲ. ಆದರೆ ಮೇಲ್ ಹೋಗಿದ್ದು ನನ್ನ ಐಡಿಯಿಂದಲೇ, ನಮ್ಮ ಅಸಲಿ ಇನ್‌ವಾಯ್ಸ್‌ನ ಕೆಳಗೇ. 4,80,000 ರೂಪಾಯಿ. "ಆರ್‌ಟಿಜಿಎಸ್ ಹೋಯ್ತಾ?" ಅಂದೆ, ಗಂಟಲು ಒಣಗಿತ್ತು. "ತಡೀರಿ ನೋಡ್ತೀನಿ" ಅಂತ ಫೋನ್ ಟೇಬಲ್ ಮೇಲಿಟ್ಟು ಹೋದರು. ಅಲ್ಲಿನ ಫ್ಯಾನ್ ಸದ್ದು ಕೇಳುತ್ತಾ ಕೂತೆ. ಪೇಮೆಂಟ್ ತುಂಬುವ ಮೇಕರ್‌ನ ಎಂಟ್ರಿ ಆಗಿತ್ತಂತೆ, ಅದಕ್ಕೆ ಒಪ್ಪಿಗೆ ಕೊಡಬೇಕಾದ ಚೆಕ್ಕರ್ ಊಟಕ್ಕೆ ಹೋಗಿದ್ದರಂತೆ. ನಾವು ಉಳಿದದ್ದು ಆ ಊಟದಿಂದ. ಇನ್ನೊಂದು ಪುಣ್ಯ, ಆತ ಮೇಲ್‌ನಲ್ಲಿದ್ದ ನಂಬರಿಗೆ ಮಾಡದೆ ತನ್ನ ಹಳೇ ಡೈರಿ ನೋಡಿ ಫೋನ್ ಮಾಡಿದ್ದ. ಮೇಲ್ ಕೆಳಗಿದ್ದ ನಂಬರನ್ನೂ ಕಳ್ಳರು ಬದಲಾಯಿಸಿದ್ದರು.

ತಪ್ಪು ನನ್ನದೇ. ಎರಡು ವಾರದ ಹಿಂದೆ ಒಂದು ಶಾಪಿಂಗ್ ಸೈಟ್ "ನಮ್ಮಲ್ಲಿ ಡೇಟಾ ಸೋರಿದೆ" ಅಂತ ತಿಳಿಸಿತ್ತು. ಅಲ್ಲಿ ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾದೆ. ಆಫೀಸ್ ಮೇಲ್‌ಗೂ ಅದೇ ಪಾಸ್‌ವರ್ಡ್, ಕೊನೆಗೊಂದು 1 ಜಾಸ್ತಿ. ಅದು ಬೇರೆ ಅಂತ ನನ್ನ ಲೆಕ್ಕ! ಕಳ್ಳರು ಒಂದು ಕಡೆ ಸಿಕ್ಕಿದ್ದನ್ನು ಪ್ರೋಗ್ರಾಂ ಬಿಟ್ಟು ಎಲ್ಲಾ ಕಡೆ ಹಾಕಿ ನೋಡುತ್ತಾರೆ, ಇಂಥ 1, 123 ಸೇರಿಸಿಯೂ.

ಆಮೇಲೆ ಮಾಡಿದ್ದು ಇನ್ನೂ ದಡ್ಡತನ. ಮೇಲ್ ಪಾಸ್‌ವರ್ಡ್ ಬದಲಾಯಿಸಿ, ಮುಗೀತು ಅಂತ ಟೀ ಕುಡಿಯಲು ಹೋದೆ. ಸಂಜೆ ಇನ್ನೊಂದು ಪಾರ್ಟಿ, ದುಡ್ಡು ಹಾಕಿದ ವಿವರದ ಮೇಲ್, ಅಂದರೆ ಪೇಮೆಂಟ್ ಅಡ್ವೈಸ್, ಕಳಿಸಿದೆ ಅಂದರೆ ನನಗೆ ಬಂದೇ ಇಲ್ಲ. ಸೆಟ್ಟಿಂಗ್ಸ್ ತೆರೆದರೆ ನಾನು ಹಾಕದ ಒಂದು ಫಿಲ್ಟರ್: ಪೇಮೆಂಟ್, ಇನ್‌ವಾಯ್ಸ್ ಅಂತ ಇರುವ ಮೇಲೆಲ್ಲಾ ಯಾವುದೋ ಐಡಿಗೆ ಫಾರ್ವರ್ಡ್, ಇಲ್ಲಿ ನೇರ ಟ್ರ್ಯಾಶ್‌ಗೆ. ಪಾಸ್‌ವರ್ಡ್ ಬದಲಾಯಿಸಿದರೆ ಫಿಲ್ಟರ್ ಹೋಗುವುದಿಲ್ಲ, ಅಲ್ವಾ!

ಅದನ್ನು ಕಿತ್ತೆ. ಎಲ್ಲಾ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿದೆ, ರಿಕವರಿ ನಂಬರ್ ನನ್ನದೇನಾ ನೋಡಿದೆ, ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಹಾಕಿದೆ. ನಮ್ಮ ಐಡಿ ಯಾವ ಸೋರಿಕೆಯಲ್ಲಿದೆ ಅಂತ ಹೇಳುವ ಹ್ಯಾವ್ ಐ ಬೀನ್ ಪೋನ್ಡ್ (Have I Been Pwned) ಸೈಟ್‌ನಲ್ಲಿ ನನ್ನ ಐಡಿ ಕೊಟ್ಟರೆ ಮೂರು ಸೋರಿಕೆಯಲ್ಲಿದೆ ಅಂತ ತೋರಿಸಿತು. ಮೂರೂ ಕಡೆ ಬೇರೆ ಬೇರೆ ಪಾಸ್‌ವರ್ಡ್ ಹಾಕಿದೆ. ದುಡ್ಡು ಹೋಗಿದ್ದರೆ ಪಾರ್ಟಿಯವರು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು.

ನಮ್ಮ ಬಾಸ್ ಆದೇಶ ಏನು ಗೊತ್ತಾ? ಎಲ್ಲರೂ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು. ಈಗ ಎಲ್ಲರ ಮಾನಿಟರ್ ಮೇಲೂ ಚೀಟಿ, ಪಾಸ್‌ವರ್ಡ್ ಕೊನೆಗೆ ತಿಂಗಳ ಹೆಸರು. ಅಥೆಂಟಿಕೇಟರ್ ಮಾತ್ರ ಬಾಸ್ ಇನ್ನೂ ಹಾಕಿಕೊಂಡಿಲ್ಲ, ಕಿರಿಕಿರಿಯಂತೆ. ನಮ್ಮ ನೆಟ್‌ಬ್ಯಾಂಕಿಂಗ್‌ನಲ್ಲಿ ಚೆಕ್ಕರ್ ಅವರೇ.