ನೋಡಿದೆ ಮೇಷ್ಟ್ರೇ

“ಒಳಗೆ ಇನ್ನೊಂದು ಇದ್ಯಾ, ನೋಡಿದ್ಯೇನಪ್ಪಾ?”

“ನೋಡಿದೆ ಮೇಷ್ಟ್ರೇ.”

ಇಷ್ಟೇ ಮಾತು. ಫೋನಿನಲ್ಲಿ ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಆಡಿದ್ದು ಭಾನುವಾರ, ಇವತ್ತು ಶನಿವಾರ. ಇನ್ನೂ ಕಿವಿಯಲ್ಲೇ ಕೂತಿದೆ. ಯಾಕಂದ್ರೆ ನಾನು ನೋಡಿರಲಿಲ್ಲ.

ನೋಡಬೇಕಿದ್ದದ್ದು ಒಂದು ತೂತು. ಕಿರುಬೆರಳ ತುದಿಯೂ ಹೋಗದಷ್ಟು ಸಣ್ಣದು. ಎರಡು ತಿಂಗಳಿಂದ ಬಿಚ್ಚಿ ಹರಡಿಕೊಂಡಿರುವ ಹಳೇ ಮರಗೆಲಸದ ಯಂತ್ರದ ಪುಲ್ಲಿಯಲ್ಲಿ, ಅಂದರೆ ಬೆಲ್ಟ್ ಓಡುವ ಚಕ್ರದಲ್ಲಿ, ಇರುವ ತೂತು. ಅದರಲ್ಲಿದ್ದ ಗ್ರಬ್ ಸ್ಕ್ರೂ, ಅಂದರೆ ತೂತಿನೊಳಗೇ ಮುಳುಗಿ ಕೂರುವ ತಲೆಯಿಲ್ಲದ ಸ್ಕ್ರೂ, ಬಿಚ್ಚಿದ್ದೆ. ಬಿಚ್ಚಿದ ಮೇಲೆ ಪುಲ್ಲಿ ಶಾಫ್ಟಿನಿಂದ ಜಾರಿ ಬರಬೇಕು. ಬರಲಿಲ್ಲ. ತುಕ್ಕು ಹಿಡಿದಿರಬೇಕು ಅಂದುಕೊಂಡೆ. ಎಣ್ಣೆ ಬಿಟ್ಟು ಒಂದು ರಾತ್ರಿ ಬಿಟ್ಟೆ. ಬರಲಿಲ್ಲ. ಬಿಸಿಗಾಳಿಯಲ್ಲಿ ಕಾಯಿಸಿದೆ. ಆಗಲೂ ಬರಲಿಲ್ಲ. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿದ್ದು, ಅವರು ಆ ಪ್ರಶ್ನೆ ಕೇಳಿದ್ದು, ನಾನು ಈ ಉತ್ತರ ಕೊಟ್ಟಿದ್ದು.

ಫೋನ್ ಇಟ್ಟು, ಅಂಚು ಹಿಡಿದು ಎಳೆಯುವ ಮೂರು ಕಾಲಿನ ಪುಲ್ಲರ್ ಹಾಕಿದೆ. ನಡುವಿನ ಬೋಲ್ಟ್ ತಿರುಗಿಸಿದೆ. ಅರ್ಧ ಸುತ್ತು. ಇನ್ನೊಂದರ್ಧ. “ಟಕ್” ಅಂತು. ಬಂತು ಅಂತ ಖುಷಿಯಾಗಿ ನೋಡಿದರೆ, ಪುಲ್ಲಿಯ ಅಂಚು ಅರ್ಧಚಂದ್ರನ ಹಾಗೆ ಮುರಿದು ನೆಲಕ್ಕೆ ಬಿದ್ದಿತ್ತು. ಉಳಿದದ್ದು ಶಾಫ್ಟಿನ ಮೇಲೇ ಗಟ್ಟಿಯಾಗಿ ಕೂತಿತ್ತು. ಟಾರ್ಚ್ ಹಿಡಿದು ನಿಂತಿದ್ದ ನಮ್ಮ ಭಾವ, “ಇದರ ಬದಲು ಹೊಸದು ತಗೋಬಾರ್ದಿತ್ತಾ?” ಅಂದರು. ನಮ್ಮ ಭಾವ ಒಳ್ಳೆಯವರು. ಆದರೆ ಯಾವ ಮಾತನ್ನು ಯಾವಾಗ ಆಡಬಾರದೋ ಆಗಲೇ ಆಡುತ್ತಾರೆ.

ಪುಲ್ಲಿ ಸತುವಿನ ಎರಕದ್ದು. ಈ ಲೋಹ ಬಗ್ಗುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ, ನೇರವಾಗಿ ಮುರಿಯುತ್ತದೆ. ಬೆಸುಗೆ ಹಾಕೋಣ ಅಂದರೆ 400 ಡಿಗ್ರಿ ಮುಟ್ಟುವ ಮೊದಲೇ ಕರಗಿ ನೀರಾಗುತ್ತದೆ. ಅದೂ ಮೆಟ್ಟಿಲು ಪುಲ್ಲಿ. ಬೆಲ್ಟನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾಕಿದರೆ ವೇಗ ಬದಲಾಗುತ್ತದೆ. ಗರಗಸಕ್ಕೆ ಜೋರು ಬೇಕು, ದಪ್ಪ ಡ್ರಿಲ್ಲಿಗೆ ನಿಧಾನ ಬೇಕು. ಒಂದೇ ಮೋಟಾರಿನಲ್ಲಿ ಎಲ್ಲ ಕೆಲಸ ಮಾಡುವ ಯಂತ್ರಕ್ಕೆ ಈ ಪುಲ್ಲಿಯೇ ಜೀವ. ಅದನ್ನೇ ಮುರಿದೆ.

ಮುರಿದ ಮೇಲೆ ನೋಡಿದೆ. ಸೂಜಿಯಿಂದ ತೂತು ಕೆದಕಿದೆ. ಗ್ರೀಸು, ಮರದ ಪುಡಿ ಸೇರಿ ಗಟ್ಟಿಯಾದ ಕಪ್ಪು ಅಂಟು ಬಂತು. ಬರುತ್ತಲೇ ಇತ್ತು. ಟಾರ್ಚ್ ಬಿಟ್ಟರೆ ಆಳದಲ್ಲಿ ಆರು ಮೂಲೆಯ ಪುಟ್ಟ ಗುಳಿ ಹೊಳೆಯಿತು. ಇನ್ನೊಂದು ಗ್ರಬ್ ಸ್ಕ್ರೂ. ಒಂದೇ ತೂತಿನಲ್ಲಿ ಒಂದರ ಮೇಲೊಂದು. ಒಳಗಿನದು ಶಾಫ್ಟನ್ನು ಹಿಡಿದುಕೊಳ್ಳುತ್ತದೆ, ಹೊರಗಿನದು ಒಳಗಿನದು ಅದುರಿ ಸಡಿಲವಾಗದ ಹಾಗೆ ಕಾಯುತ್ತದೆ. ನಾನು ಕಾವಲುಗಾರನನ್ನು ಕಳಿಸಿ, ಬಾಗಿಲು ತೆರೆದೇಬಿಟ್ಟೆ ಅಂದುಕೊಂಡಿದ್ದೆ.

ಮೊದಲು ಈ ಯಂತ್ರ ಮಾಡಿದವರನ್ನೇ ಬೈದೆ. ಒಂದು ಗುರುತಾದರೂ ಹಾಕಬಾರದಿತ್ತಾ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಟು ಒರೆಸಿದಾಗ ತೂತಿನ ಪಕ್ಕದಲ್ಲೇ ಸಣ್ಣದಾಗಿ ಎರಡು ಗೀರು ಕಾಣಿಸಿತು. ಹಿಂದಿನವರು ಯಾರೋ “ಇಲ್ಲಿ ಎರಡಿವೆ” ಅಂತ ಹಾಕಿದ ಗುರುತೋ, ಸುಮ್ನೆ ಬಿದ್ದ ಗೀರೋ ಗೊತ್ತಿಲ್ಲ. ವಾರವೆಲ್ಲ ಅದನ್ನೂ ಯೋಚಿಸಿದ್ದೇನೆ.

ಸಂಕಟ ಏನು ಗೊತ್ತಾ? ಮಿಕ್ಕ ಎಲ್ಲದರಲ್ಲೂ ನಾನು ಅತಿ ಜಾಗ್ರತೆಯ ಮನುಷ್ಯ. ತುಕ್ಕು ಹಿಡಿದ ಸಣ್ಣ ಸಾಮಾನುಗಳನ್ನು ವಾಷಿಂಗ್ ಸೋಡಾ ನೀರಿನಲ್ಲಿ ಮುಳುಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರ್ ಕೊಟ್ಟು ತುಕ್ಕು ಬಿಡಿಸಿದೆ. ಮೈನಸ್ ತಂತಿ ತುಕ್ಕಿನ ಸಾಮಾನಿಗೆ, ಪ್ಲಸ್ ಬೇಡದ ಕಬ್ಬಿಣದ ತುಂಡಿಗೆ. ಅದನ್ನು ಮೂರು ಸಲ ನೋಡಿಕೊಂಡೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಲಿಲ್ಲ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹಾಗಾಗಿ ಕಿಟಕಿ ತೆಗೆದಿಟ್ಟೆ. ಅಲ್ಯೂಮಿನಿಯಂ ಭಾಗಗಳನ್ನು ಆ ನೀರಿನ ಹತ್ತಿರಕ್ಕೂ ತರಲಿಲ್ಲ, ಸೋಡಾ ಅದನ್ನು ತಿಂದುಬಿಡುತ್ತದೆ. ಬೇರಿಂಗಿನ ಮೇಲೆ 6203 ಅಂತ ಕೊರೆದಿರುವುದನ್ನು ಓದಿ ಹೊಸದು ತಂದಿಟ್ಟೆ. ಆ 03 ಅಂದರೆ ಒಳಗಿನ ತೂತು 17 ಮಿಲಿಮೀಟರ್. 04ರಿಂದ ಮುಂದೆ ಐದರಿಂದ ಗುಣಿಸಿದರೆ ಸಾಕು, 04 ಅಂದರೆ 20, 05 ಅಂದರೆ 25. ಇಂಥವನ್ನೆಲ್ಲ ಭಾವನಿಗೆ ಕೂರಿಸಿಕೊಂಡು ಹೇಳಿದ್ದೆ. ಅಷ್ಟು ಜಂಬ.

ಯಂತ್ರದ ಹೆಸರಿನ ತಗಡು ಪೂರ್ತಿ ಸವೆದಿದೆ. ಆದರೆ ಜಾತಿ ಗೊತ್ತಾಗುತ್ತದೆ. ಎರಡು ಉದ್ದ ಕೊಳವೆಗಳ ಮೇಲೆ ಹಿಂದೆ ಮುಂದೆ ಜಾರುವ ಒಂದು ತಲೆ. ಬ್ಲೇಡ್ ಹಾಕಿದರೆ ಗರಗಸ, ಡಿಸ್ಕ್ ಹಾಕಿದರೆ ಸ್ಯಾಂಡರ್, ಮರ ಸಿಕ್ಕಿಸಿದರೆ ಅದನ್ನು ತಿರುಗಿಸುತ್ತಾ ಕಡೆಯುವ ಲೇತ್, ಎತ್ತಿ ನಿಲ್ಲಿಸಿದರೆ ಡ್ರಿಲ್. ಬ್ಲೇಡ್ ಓರೆಯಾಗುವುದಿಲ್ಲ, ಟೇಬಲ್ಲನ್ನೇ ಓರೆ ಮಾಡಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಅನ್ನುವವರು ಶಾಪ್‌ಸ್ಮಿತ್ ಎಂಬ ಯಂತ್ರ ತಂದರು. ಐದು ಯಂತ್ರಕ್ಕೆ ಜಾಗವಿಲ್ಲದ ಮನೆಯಲ್ಲಿ ಐದೂ ಕೆಲಸ ಆಗಲಿ ಅನ್ನುವ ಲೆಕ್ಕ. ನನ್ನದು ಆ ಕಂಪನಿಯದ್ದಲ್ಲ, ಆದರೆ ಅದೇ ಯೋಚನೆಯ ಕೂಸು.

ಮೇಷ್ಟ್ರಿಗೆ ಈ ಜಾತಿಯೇ ಇಷ್ಟವಿಲ್ಲ. ಜೀವನವಿಡೀ ಲೇತ್ ಮುಂದೆ ನಿಂತವರು. “ಗರಗಸ ಆಗಿರೋವಾಗ ಲೇತ್ ಅಲ್ಲ, ಲೇತ್ ಆಗಿರೋವಾಗ ಗರಗಸ ಅಲ್ಲ. ಮತ್ತೆ ಐದು ಅಂತ ಹೆಂಗೆ ಎಣಿಸ್ದೆ? ಇರೋದು ಒಂದೇ” ಅನ್ನುತ್ತಾರೆ. ಅವರ ಮಾತಿನಲ್ಲಿ ನಿಜ ಇಲ್ಲದಿಲ್ಲ. ಗರಗಸದ ಅಳತೆ ಕೂರಿಸಿಟ್ಟಿದ್ದು, ನಡುವೆ ಒಂದು ತೂತು ಕೊರೆಯಬೇಕಾದರೆ ಅಷ್ಟೂ ಹೋಯಿತು. ಆದರೂ ನನಗೆ ಇದರ ಮೇಲೆ ಪ್ರೀತಿ. ಮುಂದಿನ ಕೆಲಸ ಯೋಚಿಸದೆ ಇದರಲ್ಲಿ ಈಗಿನ ಕೆಲಸ ಮಾಡಲಿಕ್ಕಾಗುವುದಿಲ್ಲ.

ಬುಧವಾರ ಮೇಷ್ಟ್ರೇ ಫೋನ್ ಮಾಡಿದರು. “ಬಂತಾ?”

“ಬಂತು ಮೇಷ್ಟ್ರೇ.”

ಬಂದಿತ್ತಲ್ಲ, ಕಾಲು ಭಾಗ.

ಈ ಎರಡನೇ ಸುಳ್ಳು ಯಾಕೆ ಹೇಳಿದೆ ಅಂತ ಗೊತ್ತು. ನಾಚಿಕೆ. ಮೊದಲನೆಯದೇ ಅರ್ಥವಾಗುವುದಿಲ್ಲ. ಆಗ ಮುಚ್ಚಿಡಲು ಏನೂ ಇರಲಿಲ್ಲ. “ಇಲ್ಲ, ನೋಡ್ತೀನಿ ಇರಿ” ಅಂದಿದ್ದರೆ ಎರಡು ನಿಮಿಷದ ಕೆಲಸ. ಬಿಚ್ಚಿದ ಸ್ಕ್ರೂ ಉದ್ದವನ್ನು ತೂತಿನ ಆಳಕ್ಕೆ ಹೋಲಿಸಿದ್ದರೂ ಸಾಕಿತ್ತು. ಸುಳ್ಳು ಹೇಳಬೇಕು ಅಂತ ಹೇಳಿದ್ದೂ ಅಲ್ಲ. ಪ್ರಶ್ನೆ ಕಿವಿಗೆ ಬಿತ್ತು, ಉತ್ತರ ಬಾಯಿಂದ ಬಂತು. ನಡುವೆ ನಾನು ಇರಲೇ ಇಲ್ಲ.

ಆಮೇಲಿನಿಂದ ನನ್ನ ಬಾಯನ್ನೇ ಕಾಯುತ್ತಿದ್ದೇನೆ. ಗ್ಯಾಸ್ ಆಫ್ ಮಾಡಿದ್ರಾ? ಮಾಡಿದೆ. ಮಾತ್ರೆ ತಗೊಂಡ್ರಾ? ತಗೊಂಡೆ. ಕಳಿಸಿದ್ದು ಓದಿದ್ರಾ? ಓದಿದೆ, ಚೆನ್ನಾಗಿದೆ. ಒಂದು ವಾರದಲ್ಲಿ ಇಂಥವು ಎಷ್ಟು ಅಂತ ಎಣಿಸಲು ಹೋಗಿ ಎರಡನೇ ದಿನಕ್ಕೆ ಬಿಟ್ಟೆ. ಮೊಬೈಲಿನಲ್ಲಂತೂ “ಓದಿದ್ದೇನೆ, ಒಪ್ಪಿದ್ದೇನೆ” ಅನ್ನುವ ಚೌಕಕ್ಕೆ ಬೆರಳು ತಾನಾಗಿಯೇ ಹೋಗುತ್ತದೆ. ಇಷ್ಟು ದಿನ ಯಾವುದೂ ಮುರಿದಿರಲಿಲ್ಲ, ಅಷ್ಟೇ. ಅಥವಾ ಮುರಿದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇದೇ ಯಂತ್ರಕ್ಕೆ ಬ್ಲೇಡ್ ಹಾಕಿದ ದಿನ ಯಾರಾದರೂ “ಗಾರ್ಡ್ ಕೂರಿಸಿದ್ಯಾ?” ಅಂತ ಕೇಳಿದರೆ? ಆಗಲೂ ಬಾಯಿ ಇದೇ ವೇಗದಲ್ಲಿ ಓಡಿದರೆ ಹೋಗುವುದು ಪುಲ್ಲಿ ಅಲ್ಲ, ಬೆರಳು.

ನಿನ್ನೆ ಸಂಜೆ ಬಾಗಿಲಲ್ಲಿ ಮೇಷ್ಟ್ರು. “ಬಂತು ಅಂದ್ಯಲ್ಲ, ನೋಡಿ ಹೋಗೋಣ ಅಂತ ಬಂದೆ.”

ಏನು ಹೇಳಲಿ? ಕರೆದುಕೊಂಡು ಹೋಗಿ ತೋರಿಸಿದೆ. ಅರ್ಧಚಂದ್ರ ಬೆಂಚಿನ ಮೇಲಿತ್ತು. ಎತ್ತಿ, ಮುರಿದ ಅಂಚನ್ನು ಬೆರಳಲ್ಲಿ ಸವರಿ, ಕೆಳಗಿಟ್ಟರು. ಕನ್ನಡಕ ಹಣೆಗೆ ಏರಿಸಿ ತೂತಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಬೈಯಲಿ ಅಂತ ಕಾದೆ. ಆ ಆರು ಮೂಲೆಯ ಗುಳಿಗೆ ಹಾಕುವ ಅಲೆನ್ ಕೀ ಕೇಳಿದರು, ಕೊಟ್ಟೆ. ಎರಡು ಸುತ್ತು ತಿರುಗಿಸಿದರು. ಆಮೇಲೆ ಹೆಬ್ಬೆರಳು, ತೋರುಬೆರಳು, ಎರಡರಲ್ಲೇ ಹಿಡಿದು ಪುಲ್ಲಿಯನ್ನು ಎಳೆದರು.

ಜಾರಿ ಬಂತು. ಬಳೆ ಬಿಚ್ಚಿದ ಹಾಗೆ.

ರಾತ್ರಿಯೆಲ್ಲ ಕಣ್ಣು ಮುಚ್ಚಿದರೆ ಅದೇ. ಎರಡು ಬೆರಳು, ಜಾರುವ ಪುಲ್ಲಿ. ತುಕ್ಕೂ ಇರಲಿಲ್ಲ, ಏನೂ ಇರಲಿಲ್ಲ. ಅದು ಬರಲು ಒಪ್ಪಿಯೇ ಇತ್ತು.

ಒಳಗಿನ ಸ್ಕ್ರೂ ತೆಗೆದು ನನ್ನ ಅಂಗೈಗೆ ಹಾಕಿದರು. “ಇಟ್ಕೋ. ಹೊಸದಕ್ಕೆ ಬೇಕಾಗತ್ತೆ.” ಅಲ್ಯೂಮಿನಿಯಂ ದಿಂಡು ತಂದುಕೊಟ್ಟರೆ ಲೇತಿನಲ್ಲಿ ತಾವೇ ಪುಲ್ಲಿ ಮಾಡಿಕೊಡುತ್ತಾರಂತೆ. ಭಾನುವಾರದ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಪುಲ್ಲಿ ಕೂರೋ ಕಡೆ ಶಾಫ್ಟ್ ಎಷ್ಟಿದೆ? ಅಳೆದ್ಯಾ?”

ಹದಿನೇಳು ಅಂತ ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು. ಬೇರಿಂಗ್ 6203 ಅಲ್ವಾ, ಇದೂ ಅದೇ ಶಾಫ್ಟ್ ಅಲ್ವಾ.

“ಇಲ್ಲ ಮೇಷ್ಟ್ರೇ.”

ಜೇಬಿನಿಂದ ವರ್ನಿಯರ್ ತೆಗೆದು ಕೊಟ್ಟರು. ಹಿಡಿದು ನೋಡಿದೆ. 15.88. ಆ ಕಡೆ ಶಾಫ್ಟ್ ಸಣ್ಣದಾಗಿತ್ತು, 5/8 ಇಂಚು. ಓದಿ ಹೇಳಿದೆ.

“ಇನ್ನೊಂದ್ಸಲ ನೋಡು” ಅಂದರು.