ಕಾರ್ಲೈಲ್ ಕೊಲ್ಲಿಯ ಹುಲ್ಲುಗಾವಲು

ಕ್ರೂಸ್ ಹಡಗಿನಲ್ಲಿ ಹೋದರೆ ಒಂದು ಊರು ನೋಡಲು ಸಿಗುವುದು ಏಳೆಂಟು ಗಂಟೆ ಅಷ್ಟೇ. ಬೆಳಗ್ಗೆ ಹಡಗು ಬಂದರು ಮುಟ್ಟುತ್ತದೆ, ಸಂಜೆ ಹೊರಟುಬಿಡುತ್ತದೆ. ಇಳಿಯುವ ಸಾಲು, ಮತ್ತೆ ಹತ್ತುವ ಸಾಲು ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಅರ್ಧ ದಿನ. ಆ ಅರ್ಧ ದಿನದಲ್ಲಿ ಹತ್ತು ಜಾಗ ಸುತ್ತುವುದಕ್ಕಿಂತ ಒಂದೇ ಒಂದು ಕೆಲಸ ಆರಿಸಿಕೊಂಡು ಅದನ್ನು ನೆಮ್ಮದಿಯಿಂದ ಮಾಡಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಕೆರಿಬಿಯನ್ ದ್ವೀಪವಾದ ಬಾರ್ಬಡೋಸ್‌ನಲ್ಲಿ ನಾವು ಆರಿಸಿಕೊಂಡಿದ್ದು ಕಡಲಾಮೆಗಳನ್ನು.

ನಾವು ಅಂದರೆ ನಾನು, ನನ್ನ ಗಂಡ, ಮಗಳು, ಮತ್ತೆ ಕುಂದಾಪುರದಿಂದ ಅಮೆರಿಕಕ್ಕೆ ನಮ್ಮ ಮನೆಗೆ ಬಂದಿದ್ದ ಅಪ್ಪಯ್ಯ. ಡಿಸೆಂಬರ್ ರಜೆ. ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಹಡಗು ಹತ್ತಿದ್ದೆವು. ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್ ಹತ್ತಿರವಾಗುವಾಗ ಅಪ್ಪಯ್ಯ ಎಲ್ಲರಿಗಿಂತ ಮೊದಲೇ ಎದ್ದು ಡೆಕ್ ಮೇಲೆ ನಿಂತಿದ್ದರು. ಆಮೆಗಾಗಿ ಅಲ್ಲ, ಕೆನ್ಸಿಂಗ್ಟನ್ ಓವಲ್ ಕಾಣುತ್ತದಾ ಅಂತ. 2024ರ ಜೂನ್ 29ರಂದು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ನಾವು ಟಿ20 ವಿಶ್ವಕಪ್ ಗೆದ್ದ ಮೈದಾನ ಅದು. ಯಾವತ್ತೂ ಜೋರಾಗಿ ಮಾತಾಡದ ದ್ರಾವಿಡ್ ಕಪ್ ಹಿಡಿದು ಕೂಗಿದ್ದು ಅಲ್ಲೇ ಅಲ್ವಾ? ಬಂದರಿನಿಂದ ಆ ಮೈದಾನ ಹತ್ತಿರದಲ್ಲೇ ಇದೆ. ನಮ್ಮ ಟ್ಯಾಕ್ಸಿಯವರು ಕೇಳದೆಯೇ ಆ ರಸ್ತೆಯಲ್ಲಿ ಕರೆದುಕೊಂಡು ಹೋಗಿ, ಗೇಟಿನ ಮುಂದೆ ನಿಧಾನ ಮಾಡಿದರು. ಆ ಊರಿನಲ್ಲಿ ಭಾರತದವರು ಅಂದರೆ ಮೊದಲ ಮಾತು ಕ್ರಿಕೆಟ್ಟೇ.

ಆಮೆ ನೋಡುವುದಕ್ಕೆ ಎರಡು ದಾರಿ ಇದ್ದವು. ಹಡಗಿನವರೇ ಮಾರುವ ಟೂರ್ ಒಂದು. ಅದರಲ್ಲಿ ಹೋದರೆ ವಾಪಸ್ ಬರುವುದು ತಡವಾದರೂ ಹಡಗು ಕಾಯುತ್ತದೆ. ನಾವಾಗಿಯೇ ಊರಿನ ದೋಣಿ ಹಿಡಿದು ಹೋಗುವುದು ಇನ್ನೊಂದು. ತಡವಾದರೆ ಹಡಗು ಹೋಯಿತು ಅಂತಲೇ ಲೆಕ್ಕ. ಆದರೆ ಕಾರ್ಲೈಲ್ ಕೊಲ್ಲಿ ಬ್ರಿಡ್ಜ್‌ಟೌನ್ ಪಕ್ಕದಲ್ಲೇ ಇದೆ, ಬಂದರಿನಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ಹೊತ್ತು. ಹಾಗಾಗಿ ಊರಿನ ಒಂದು ಸಣ್ಣ ದೋಣಿಯನ್ನೇ ಗೊತ್ತು ಮಾಡಿದೆ. ದುಡ್ಡು ಕಟ್ಟುವ ಮೊದಲು ಅವರಿಗೆ ಬರೆದು ಕೇಳಿದ ಪ್ರಶ್ನೆ ಒಂದೇ: ಆಮೆಗಳಿಗೆ ಮೀನು ಹಾಕುತ್ತೀರಾ? ಇಲ್ಲ ಅಂತ ಉತ್ತರ ಬಂತು. ಆಮೇಲೆಯೇ ಕಾರ್ಡ್ ತೆಗೆದೆ.

ಈ ಪ್ರಶ್ನೆ ಯಾಕೆ ಅಂದರೆ, ಅಲ್ಲಿನ ಕೊಲ್ಲಿಗಳಲ್ಲಿ ಜಾಸ್ತಿ ಕಾಣುವುದು ಹಸಿರು ಕಡಲಾಮೆ. ಮರಿಯಾಗಿದ್ದಾಗ ಅದು ಅಂಬಲಿ ಮೀನು, ಸಣ್ಣಪುಟ್ಟ ಜೀವಿಗಳನ್ನೆಲ್ಲ ತಿನ್ನುತ್ತದೆ. ಬೆಳೆಯುತ್ತಾ ಬಂದ ಹಾಗೆ ಕಡಲ ಹುಲ್ಲು, ಪಾಚಿಗೆ ಒಗ್ಗಿಕೊಳ್ಳುತ್ತದೆ. ಹೊಟ್ಟೆಯೂ ಅದಕ್ಕೇ ಹೊಂದಿಕೊಳ್ಳುತ್ತದೆ. ಪ್ರವಾಸಿಗರಿಗೆ ಖಂಡಿತ ಆಮೆ ತೋರಿಸಬೇಕು ಅಂತ ಕೆಲವು ದೋಣಿಯವರು ವರ್ಷಗಳಿಂದ ಮೀನಿನ ತುಂಡು ಎಸೆದು ಕರೆಯುತ್ತಾ ಬಂದಿದ್ದಾರೆ. ಸುಮ್ನೆ ತಮ್ಮಷ್ಟಕ್ಕೆ ಮೇಯುತ್ತಿದ್ದ ಆಮೆಗಳು ಈಗ ಎಂಜಿನ್ ಸದ್ದು ಕೇಳಿದರೆ ಓಡುವುದು ಬಿಟ್ಟು ಹತ್ತಿರ ಬರುತ್ತವೆ. ಹತ್ತಿರ ಬಂದರೆ ಪ್ರೊಪೆಲ್ಲರ್ ಇದೆ. ಮೀನಿನ ವಾಸನೆ ಇರುವ ಬೆರಳು ಸಿಕ್ಕಿದರೆ ಅದನ್ನೂ ಕಚ್ಚುತ್ತವೆ. ನಮ್ಮ ಅರ್ಧ ಗಂಟೆಯ ಖುಷಿಗೆ ಅದರ ಜೀವನದ ಅಭ್ಯಾಸವನ್ನೇ ಬದಲಿಸುವುದು ನನಗೆ ಒಪ್ಪಿಗೆ ಇಲ್ಲ.

ದೋಣಿಯಲ್ಲಿ ಮಾಸ್ಕ್, ಉಸಿರಾಡಲು ಸ್ನಾರ್ಕೆಲ್ ಕೊಳವೆ, ಕಾಲಿಗೆ ಹಾಕುವ ಫಿನ್ಸ್, ಗಾಳಿ ತುಂಬುವ ಜಾಕೆಟ್ ಎಲ್ಲ ಕೊಟ್ಟರು. ಅಪ್ಪಯ್ಯನಿಗೆ ಈಜು ಹುಟ್ಟಿನಿಂದ ಬಂದದ್ದು. ಪಂಚಗಂಗಾವಳಿ ಹೊಳೆಯಲ್ಲಿ ಬೆಳೆದವರು. ಆದರೆ ಮಾಸ್ಕ್ ಅವರಿಗೆ ಕೂರಲಿಲ್ಲ. ಹಾಕಿಕೊಂಡ ಕೂಡಲೇ ಮೂಗಿನ ಕೆಳಗಿನಿಂದ ನೀರು ನುಗ್ಗುತ್ತಿತ್ತು. ದೋಣಿಯ ಹುಡುಗ ನೋಡಿ, ಮೀಸೆ ಅಂತ ಬೆರಳು ತೋರಿಸಿ, ಒಂದು ಡಬ್ಬಿ ವ್ಯಾಸಲಿನ್ ತಂದ. ಮೀಸೆಯ ಮೇಲೆ ದಪ್ಪಗೆ ಬಳಿದ. ಮಾಸ್ಕಿನ ರಬ್ಬರ್ ಅಂಚು ಅಲ್ಲಿ ಗಟ್ಟಿಯಾಗಿ ಕೂತಿತು, ಆಮೇಲೆ ಒಂದು ಹನಿ ನೀರು ಬರಲಿಲ್ಲ. ಮೀಸೆ ಇರುವ ಯಾರಾದರೂ ಹೋಗುವುದಿದ್ದರೆ ಇದು ನೆನಪಿರಲಿ. ಮಗಳ ಮಾಸ್ಕಿನಲ್ಲಿ ಸಿಕ್ಕಿಕೊಂಡ ನಾಲ್ಕು ಕೂದಲನ್ನು ನಾನು ಹೊರಗೆ ಎಳೆದೆ. ಅಷ್ಟು ಕೂದಲು ಸಾಕು ನೀರು ಒಳಗೆ ಬರಲು. ಸನ್‌ಸ್ಕ್ರೀನ್ ಯಾರೂ ಹಚ್ಚಲಿಲ್ಲ, ಉದ್ದ ತೋಳಿನ ಈಜುಡುಗೆಯಲ್ಲೇ ಇಳಿದೆವು. ಹವಳಕ್ಕೆ ತೊಂದರೆ ಅಂತ ಕೆಲವು ರಾಸಾಯನಿಕ ಇರುವ ಕ್ರೀಮುಗಳ ಮಾರಾಟವನ್ನು ಹವಾಯಿಯಲ್ಲಿ 2021ರಿಂದ ನಿಲ್ಲಿಸಿದ್ದಾರೆ. ಬಟ್ಟೆಯಲ್ಲೇ ಕೆಲಸ ಆಗುವಾಗ ಕ್ರೀಮು ಯಾಕೆ?

ಮೊದಲು ಮುಳುಗಿದ ಹಡಗುಗಳ ಮೇಲೆ ಬಿಟ್ಟರು. ಆ ಕೊಲ್ಲಿಯ ತಳದಲ್ಲಿ ಕೆಲವು ಹಳೆಯ ಹಡಗುಗಳಿವೆ. 1919ರಲ್ಲಿ ಮುಳುಗಿದ ಬರ್ವಿನ್ ಅನ್ನುವ ಫ್ರೆಂಚ್ ಟಗ್, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಹಡಗು, ಅದರಲ್ಲಿ ಒಂದು. ಆಳ ಇಲ್ಲ, ಮೇಲಿನಿಂದಲೇ ಎಲ್ಲ ಕಾಣುತ್ತದೆ. ಕಬ್ಬಿಣದ ಮೇಲೆ ಹವಳ, ಸ್ಪಂಜು ಬೆಳೆದು, ಹಳದಿ ಮೈಗೆ ಕಪ್ಪು ಪಟ್ಟೆಯ ಮೀನುಗಳು ಗುಂಪು ಗುಂಪಾಗಿ. ಚೆನ್ನಾಗಿತ್ತು. ಆದರೆ ನಮ್ಮ ಮನಸ್ಸು ಇನ್ನೊಂದು ಕಡೆ ಇತ್ತು.

ಆಮೆ ಇದ್ದದ್ದು ಮರಳಿನ ಮಧ್ಯೆ ಅಲ್ಲಲ್ಲಿ ಕಡಲ ಹುಲ್ಲು ಬೆಳೆದ ಜಾಗದಲ್ಲಿ. ಹುಡುಗ ಕೈ ತೋರಿಸಿದ. ಮೊದಲು ನನಗೆ ಬಂಡೆ ಅಂತಲೇ ಕಂಡಿತು. ಆಮೇಲೆ ಬಂಡೆ ಕುತ್ತಿಗೆ ಚಾಚಿತು. ನೀರಿನ ಒಳಗೆ ಎಲ್ಲವೂ ಇರುವುದಕ್ಕಿಂತ ಹತ್ತಿರ, ಇರುವುದಕ್ಕಿಂತ ದೊಡ್ಡದಾಗಿ ಕಾಣುವುದರಿಂದ ಕೈ ಚಾಚಿದರೆ ಸಿಗುತ್ತದೆ ಅನಿಸುತ್ತಿತ್ತು. ಮುಟ್ಟಬಾರದು, ಅಡ್ಡ ಹೋಗಬಾರದು, ಮೇಲಿನಿಂದ ಮುತ್ತಿಕೊಳ್ಳಬಾರದು ಅಂತ ದೋಣಿಯಲ್ಲೇ ಹೇಳಿದ್ದರು. ನಾವು ಪಕ್ಕಕ್ಕೆ ಸರಿದು, ಕಾಲು ಬಡಿಯುವುದನ್ನೂ ನಿಲ್ಲಿಸಿ, ಸುಮ್ನೆ ತೇಲುತ್ತಾ ನೋಡಿದೆವು.

ಅದು ತಿನ್ನುತ್ತಿತ್ತು. ಹುಲ್ಲಿನ ನಾಲ್ಕೈದು ಎಲೆಗಳನ್ನು ಬಾಯಲ್ಲಿ ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ಜಗ್ಗಿ ಕತ್ತರಿಸುತ್ತಿತ್ತು. ಅದರ ದವಡೆಯ ಅಂಚಿನಲ್ಲಿ ಗರಗಸದಂಥ ಹಲ್ಲುಗಚ್ಚು ಇರುವುದು ಇದಕ್ಕೇ. ಎಳೆದಾಗ ಎದ್ದ ಮರಳಿಗೆ ಸಣ್ಣ ಮೀನುಗಳು ಮುತ್ತುತ್ತಿದ್ದವು. ಮುಂದಿನ ರೆಕ್ಕೆಯ ತುದಿಯನ್ನು ನೆಲಕ್ಕೆ ಊರಿ ಒಂದು ಹೆಜ್ಜೆ ಮುಂದೆ ಸರಿಯುವುದು, ಮತ್ತೆ ಕತ್ತರಿಸುವುದು. ಚಿಪ್ಪಿನ ಮೇಲೆ ಕಂದು, ಹಳದಿ ಗೆರೆಗಳು, ಹಿಂಭಾಗದಲ್ಲಿ ಸ್ವಲ್ಪ ಪಾಚಿ. ಹಸಿರು ಆಮೆ ಅಂತ ಹೆಸರು ಬಂದಿದ್ದು ಈ ಚಿಪ್ಪಿನಿಂದ ಅಲ್ಲ, ಒಳಗಿನ ಕೊಬ್ಬಿನ ಬಣ್ಣದಿಂದ. ಆ ಕೊಬ್ಬಿನ ಬಣ್ಣ ನಮಗೆ ಗೊತ್ತಾಗಿದ್ದೇ ಅದನ್ನು ಕೊಯ್ದು ತಿಂದದ್ದರಿಂದ ಅಲ್ವಾ?

ಸ್ವಲ್ಪ ಹೊತ್ತಿಗೆ ತಿನ್ನುವುದು ನಿಲ್ಲಿಸಿ ಮೇಲೆ ಬಂತು. ನನ್ನ ಮಗಳ ಎದುರಿಗೇ ಬಂತು. ತಲೆ ನೀರಿನ ಹೊರಗೆ ಇಟ್ಟು ಪುಸ್ ಅಂತ ಉಸಿರು ಬಿಟ್ಟು, ಒಂದು ಗುಟುಕು ಗಾಳಿ ತೆಗೆದುಕೊಂಡು ಮತ್ತೆ ಕೆಳಗೆ ಹೋಯಿತು. ಒಂದೆರಡು ಕ್ಷಣದ ಕೆಲಸ. ಅಷ್ಟರಲ್ಲಿ ಅದರ ಕಣ್ಣು ನೋಡಿದೆ. ದೊಡ್ಡ ಕಪ್ಪು ಕಣ್ಣು, ಭಾರದ ರೆಪ್ಪೆ. ಮಗಳು ಸ್ನಾರ್ಕೆಲ್ ಕೊಳವೆಯ ಒಳಗಿನಿಂದಲೇ ಕಿರುಚಿದ್ದು ನನಗೆ ಕೇಳಿಸಿತು.

ಅಪ್ಪಯ್ಯ ಮಾಸ್ಕ್ ಮೇಲೆ ಮಾಡಿ, "ಹೆಣೆ, ಕಂಡ್ಯಾ? ದನ ಮೇದ್ ಹಾಂಗೆ ಮೇಯ್ತಿತ್ತ್!" ಅಂದರು. ಅವರಿಗೆ ಅದು ನಂಬಲಾಗದ ಸಂಗತಿ. ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಆಮೆ ಏಡಿ, ಸಿಗಡಿ ತಿನ್ನುವಂಥದ್ದು. ಹುಲ್ಲು ಮೇಯುವ ಆಮೆಯನ್ನು ಅವರು ಕಂಡಿರಲೇ ಇಲ್ಲ. ಅವರ ಮಾತು ಎಷ್ಟು ಸರಿ ಅಂದರೆ, ಹಸಿರು ಆಮೆಗಳು ಒಮ್ಮೆ ಮೇದ ಜಾಗಕ್ಕೇ ಮತ್ತೆ ಮತ್ತೆ ಬರುತ್ತವೆ. ಕತ್ತರಿಸಿದ ಮೇಲೆ ಚಿಗುರುವ ಎಳೆ ಹುಲ್ಲಿನಲ್ಲಿ ಸತ್ವ ಜಾಸ್ತಿ, ನಾರು ಕಡಿಮೆ.

ಅಷ್ಟರಲ್ಲಿ ಒಂದು ದೊಡ್ಡ ಕ್ಯಾಟಮರಾನ್, ಅಂದರೆ ಜೋಡಿ ತಳದ ದೋಣಿ, ಬಂದು ಸ್ವಲ್ಪ ದೂರದಲ್ಲಿ ನಿಂತಿತು. ಜೋರು ಹಾಡು. ಮೂವತ್ತು ನಲವತ್ತು ಜನ ಒಟ್ಟಿಗೆ ನೀರಿಗೆ ಇಳಿದರು. ಯಾರೋ ಬಕೆಟ್ಟಿನಿಂದ ಮೀನಿನ ತುಂಡು ಎಸೆದರು. ನಮ್ಮ ಆಮೆ ಹುಲ್ಲು ಬಿಟ್ಟು ನೇರ ಅಲ್ಲಿಗೆ ಹೊರಟಿತು. ಇನ್ನೂ ಎರಡು ಎಲ್ಲಿಂದಲೋ ಬಂದವು. ಕಾಲುಗಳ ಕಾಡಿನ ಮಧ್ಯೆ ಅವು ತಿರುಗುತ್ತಿದ್ದವು. ಒಬ್ಬರು ಚಿಪ್ಪು ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. "ಹುಲ್ಲ್ ತಿಂಬು ಪ್ರಾಣಿಗೆ ಎಂತಕ್ಕೆ ಮೀನ್ ಹಾಕೂದ್ ಇವ್ರ್?" ಅಂತ ಅಪ್ಪಯ್ಯ ಕೇಳಿದರು. ನನಗೆ ನಿಜವಾಗಿ ಸಿಟ್ಟು ಬಂತು. ಆ ಜನರ ಮೇಲಲ್ಲ. ಪಾಪ, ಅವರೂ ನಮ್ಮ ಹಾಗೆ ಅರ್ಧ ದಿನಕ್ಕೆ ಬಂದವರು, ಯಾರೂ ಅವರಿಗೆ ಹೇಳಿರುವುದಿಲ್ಲ. ಗೊತ್ತಿದ್ದೂ ಬಕೆಟ್ ತರುವವರ ಮೇಲೆ.

ನಮ್ಮ ದೋಣಿಯವರು ಹಿರಿಯರು. ಅವರು ಚಿಕ್ಕವರಿದ್ದಾಗ ಆ ದ್ವೀಪದಲ್ಲಿ ಆಮೆ ಮಾಂಸ ಮಾರುತ್ತಿದ್ದರಂತೆ. ಚಿಪ್ಪಿಗೂ ಬೆಲೆ ಇತ್ತು. ಕೆರಿಬಿಯನ್ನಿನಲ್ಲಿ ಎಲ್ಲ ಕಡೆ ಅದೇ ಕಥೆ. 1503ರಲ್ಲಿ ಕೊಲಂಬಸ್ ಈಗಿನ ಕೇಮನ್ ದ್ವೀಪಗಳ ಹತ್ತಿರ ಹಾದುಹೋಗುವಾಗ ಅಷ್ಟೊಂದು ಆಮೆ ಕಂಡು ಅವಕ್ಕೆ ಆಮೆಯ ಹೆಸರನ್ನೇ ಇಟ್ಟಿದ್ದ. ಆಮೇಲೆ ಬಂದ ಹಡಗಿನವರು ಆಮೆಗಳನ್ನು ಬೆನ್ನ ಮೇಲೆ ಮಲಗಿಸಿ, ಜೀವಂತ ಇಟ್ಟುಕೊಂಡು, ಬೇಕಾದಾಗ ಕೊಯ್ದು ತಿನ್ನುತ್ತಾ ಹೋದರು. ಬಾರ್ಬಡೋಸ್‌ನಲ್ಲಿ 1987ರಿಂದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕಡಲಾಮೆ ಯೋಜನೆ ನಡೆಯುತ್ತಿದೆ. 1998ರಲ್ಲಿ ಆಮೆ ಹಿಡಿಯುವುದನ್ನು ಪೂರ್ತಿ ನಿಷೇಧಿಸಿದರು. ಮೊಟ್ಟೆ ಇಡುವ ಕಾಲದಲ್ಲಿ ಸ್ವಯಂಸೇವಕರು ರಾತ್ರಿ ತೀರದಲ್ಲಿ ಗಸ್ತು ತಿರುಗುತ್ತಾರೆ. ಹೋಟೆಲಿನ ದೀಪ ನೋಡಿ ದಾರಿ ತಪ್ಪಿದ ಮರಿಗಳನ್ನು ಆರಿಸಿ ನೀರಿಗೆ ಬಿಡುತ್ತಾರೆ. ಅಲ್ಲಿ ಮೊಟ್ಟೆ ಇಡುವುದು ಹೆಚ್ಚಾಗಿ ಹಾಕ್ಸ್‌ಬಿಲ್, ಅಂದರೆ ಗಿಡುಗನ ಕೊಕ್ಕಿನ ಬಾಯಿಯ ಆಮೆ. ಬಾಚಣಿಗೆ, ಕನ್ನಡಕದ ಚೌಕಟ್ಟು ಮಾಡಲು ಜನ ಬೆನ್ನು ಹತ್ತಿದ್ದು ಅದರ ಚಿಪ್ಪಿಗೆ. ಅಂಥ ಕಡೆ ಈಗ ಯಾರು ಬೇಕಾದರೂ ನೀರಿಗೆ ಇಳಿದು ಆಮೆ ನೋಡಬಹುದು. ಇಷ್ಟು ಜನ ಕಷ್ಟಪಟ್ಟು ಉಳಿಸಿದ್ದಕ್ಕೇ ಆ ಬಕೆಟ್ ನೋಡಿ ಸಂಕಟ ಆಗುವುದು.

ಅಪ್ಪಯ್ಯ ನಮ್ಮ ಕಡೆಯದ್ದನ್ನು ಹೇಳಿದರು. ನಾನು, ಮಗಳು ಇಂಗ್ಲಿಷ್ ಮಾಡಿ ತಿಳಿಸಿದೆವು. ಬಲೆಗೆ ಆಮೆ ಬಿದ್ದರೆ ದೇವರು ಅಂತ ಕೈಮುಗಿದು, ಬಲೆ ಹರಿದರೂ ಸರಿ, ಬಿಡಿಸಿ ಕಳಿಸುವ ಮೀನುಗಾರರು. ಅದೇ ಊರಿನಲ್ಲಿ ಮರಳು ಬಗೆದು ಮೊಟ್ಟೆ ತೆಗೆದು ಮಾರುತ್ತಿದ್ದವರೂ ಇದ್ದರು, ಅದನ್ನೂ ಮುಚ್ಚಿಡಲಿಲ್ಲ. ಈಗ ಕುಂದಾಪುರದ ಕೋಡಿ ತೀರದಲ್ಲಿ ಗೂಡು ಕಂಡರೆ ಸುತ್ತ ಬಲೆ ಕಟ್ಟಿ ಕಾಯುತ್ತಾರೆ ಅಂದಾಗ ದೋಣಿಯವರು ಎದ್ದು ಬಂದು ಅಪ್ಪಯ್ಯನ ಕೈ ಕುಲುಕಿದರು.

ದಡದಲ್ಲಿ ಊಟ. ಅಪ್ಪಯ್ಯನಿಗೆ ಹಾರುವ ಮೀನಿನ ಫ್ರೈ, ನನಗೆ ಮ್ಯಾಕರೋನಿ ಪೈ. ಹಡಗಿಗೆ ಬೇಗನೇ ಹಿಂತಿರುಗಿದೆವು. ಭಾರತದಲ್ಲಿ ಆಗ ನಡುರಾತ್ರಿ, ಹಾಗಾಗಿ ಅಪ್ಪಯ್ಯ ಮಾರನೇ ದಿನ ಬೆಳಗ್ಗೆ ಗಂಗೊಳ್ಳಿಯ ಗೆಳೆಯರಿಗೆ ಫೋನ್ ಮಾಡಿದರು. ಮೀನು ಹಾಕಿದ ವಿಷಯವನ್ನೇ ಮೊದಲು ಹೇಳಿದರು. ಆಮೇಲೆ, ಈ ಸಲ ಗೂಡು ಯಾವಾಗ ಅಂತ ಕೇಳಿದರು. ಜನವರಿಯಲ್ಲಿ ಮೊಟ್ಟೆ ಇಟ್ಟರೆ ಐವತ್ತು ದಿನದ ಆಚೀಚೆ ಮರಿ, ಮಾರ್ಚ್‌ನಲ್ಲಿ ಬಂದರೆ ನೋಡಬಹುದು ಅಂದರಂತೆ. ಮಗಳು ಶಾಲೆಯ ಕ್ಯಾಲೆಂಡರ್ ತೆರೆದಳು. ಅವಳ ರಜೆ ಏಪ್ರಿಲ್ ಮೊದಲ ವಾರ. ತಡವಾಗಿ ಇಟ್ಟ ಗೂಡು ಒಂದೆರಡಾದರೂ ಇರುತ್ತವೆ, ಬರಲಿ ಅಂದಿದ್ದಾರೆ. ಟಿಕೆಟ್ ನೋಡುತ್ತಿದ್ದೇವೆ.